ಸರಾಸರಿಯಲ್ಲಿ ಕರಗಿದ ಉಪ್ಪು

ಯಾವ ಜಮೀನು ಯಾವ ಬೆಳೆಗೆ ಯೋಗ್ಯ ಎಂದು ಅಳೆಯುವ ವಿಧಾನಗಳನ್ನು ಹೋಲಿಸುವ ಸಂಶೋಧನೆಗೆ ಈಗ ಒಳ್ಳೆಯ ಸುಗ್ಗಿ. ಎರಡು ವಿಧಾನ ಹಿಡಿ, ಎರಡು ಬಣ್ಣದ ನಕ್ಷೆ ತೆಗೆ, ಶೇಕಡಾ ಇಷ್ಟು ತಾಳೆಯಾಯಿತು ಎಂದು ಬರೆ. ಆ ಹೊಲದಲ್ಲಿ ಏನು ಬೆಳೆಯಿತು ಎಂಬ ಪ್ರಶ್ನೆ ಎಷ್ಟೋ ಪ್ರಬಂಧಗಳಲ್ಲಿ ಬರುವುದೇ ಇಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಲೆಕ್ಕ ಹಾಕಿಯೇ ನೋಡೋಣ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಒಂದು ಎರೆ ಹೊಲ ಇದೆ ಎಂದುಕೊಳ್ಳಿ. ಬೆಳೆ ತೊಗರಿ. ಮಣ್ಣಿನ ಆಳಕ್ಕೆ 90 ಅಂಕ, ಕಣರಚನೆಗೆ 90, ಇಳಿಜಾರಿಗೆ 90. ನೀರು ನಿಂತು ನಿಂತು ಉಪ್ಪು ಮೇಲೆದ್ದಿದೆ, ಹಾಗಾಗಿ ಲವಣಾಂಶಕ್ಕೆ 20. ಸರಾಸರಿ ತೆಗೆದರೆ 72.5. ಸಾಮಾನ್ಯವಾಗಿ ಬಳಸುವ ವರ್ಗೀಕರಣದಲ್ಲಿ ಇದು ‘ಮಧ್ಯಮ ಯೋಗ್ಯ’. ಕ್ಯಾಲಿಫೋರ್ನಿಯಾದ ಸ್ಟೋರಿ 1933ರಲ್ಲಿ ರೂಪಿಸಿದ ಸೂಚ್ಯಂಕದ ರೀತಿಯಲ್ಲಿ ಅಂಕಗಳನ್ನು ಗುಣಿಸಿದರೆ 15 ಕೂಡ ದಾಟುವುದಿಲ್ಲ. ಅತಿ ಕಡಿಮೆ ಅಂಕವನ್ನೇ ಅಂತಿಮ ಎಂದು ಹಿಡಿದರೆ 20. ಎರಡೂ ‘ಅಯೋಗ್ಯ’. ಹೊಲ ಒಂದೇ, ತೀರ್ಪು ಬೇರೆ ಬೇರೆ.

ಈಗ ಎಲ್ಲರೂ ಹಿಡಿಯುವುದು ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ ಎಎಚ್‌ಪಿ ವಿಧಾನವನ್ನು. ತಜ್ಞರು ಗುಣಗಳನ್ನು ಎರಡೆರಡಾಗಿ ಹೋಲಿಸಿ ಯಾವುದು ಹೆಚ್ಚು ಮುಖ್ಯ ಎನ್ನುತ್ತಾರೆ, ಅದರಿಂದ ತೂಕ ಸಿಗುತ್ತದೆ. ಸುಸಂಗತತೆಯ ಅನುಪಾತ 0.10ಕ್ಕಿಂತ ಕಡಿಮೆ ಬಂದರೆ ಪಾಸು. ಆದರೆ ಆ ಸಂಖ್ಯೆ ಹೇಳುವುದು ತಜ್ಞರು ತಮ್ಮ ಮಾತಿಗೆ ತಾವೇ ಅಡ್ಡ ಬಂದಿಲ್ಲ ಎಂದಷ್ಟೆ. ತಪ್ಪನ್ನೂ ಸುಸಂಗತವಾಗಿ ಹೇಳಬಹುದು! ತೂಕ ಕೊಟ್ಟು ಅಂಕಗಳನ್ನು ಕೂಡಿದಾಗ, ಲವಣಾಂಶದಲ್ಲಿ ಕಳೆದದ್ದನ್ನು ಮಣ್ಣಿನ ಆಳ ತುಂಬಿಕೊಡುತ್ತದೆ. ತೊಗರಿಯ ಬೇರಿಗೆ ಆ ಅನುಕೂಲ ಇಲ್ಲ.

ಕೂಡುವುದೇ ತಪ್ಪು ಎನ್ನುತ್ತಿಲ್ಲ. ಸಾರಜನಕ ಕಡಿಮೆಯಿದ್ದರೆ ಗೊಬ್ಬರ ಹಾಕಬಹುದು, ಇಳಿಜಾರಿದ್ದರೆ ಬದು ಕಟ್ಟಬಹುದು. ಸವಳು ತೊಳೆಯಲು ಬಸಿಗಾಲುವೆ ಬೇಕು, ದುಡ್ಡು ಬೇಕು, ಕಾಲ ಬೇಕು. ಯಾವ ಕೊರತೆ ರೈತನ ಕೈಯಲ್ಲಿ ನೀಗುತ್ತದೆ, ಯಾವುದು ನೀಗುವುದಿಲ್ಲ ಎಂಬುದನ್ನು ವಿಧಾನ ಆರಿಸುವ ಮೊದಲೇ ಕೇಳಬೇಕು. ಹಾಕುವ ಖರ್ಚನ್ನೂ ಬರುವ ಲಾಭವನ್ನೂ ಹೋಲಿಸಿ ನೋಡಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1976ರ ತನ್ನ ಚೌಕಟ್ಟಿನಲ್ಲೇ ಹೇಳಿತ್ತು. ನಾವು ಅದರ ದರ್ಜೆಗಳನ್ನು ಉಳಿಸಿಕೊಂಡು ಖರ್ಚಿನ ಮಾತನ್ನು ಮರೆತೆವು.

ಇಳುವರಿ ಬೀಜ, ಮಳೆ, ಆರೈಕೆಗಳ ಮೇಲೂ ನಿಂತಿದೆಯಲ್ಲ, ಅದರಿಂದ ನಕ್ಷೆಯನ್ನು ಪರೀಕ್ಷಿಸುವುದು ಹೇಗೆ ಎಂದು ಕೇಳುವವರಿದ್ದಾರೆ. ನಿಜ. ಅದಕ್ಕೇ ಹಲವು ಹೊಲಗಳ, ಹಲವು ವರ್ಷಗಳ ಇಳುವರಿ ಬೇಕು. ಅದನ್ನು ಕಲೆಹಾಕುವುದು ಕಷ್ಟ ಎಂದು ನಕ್ಷೆಯನ್ನು ನಕ್ಷೆಗೇ ಹೋಲಿಸುವುದು, ಒಂದು ಗಡಿಯಾರ ಸರಿಯೋ ಎಂದು ಇನ್ನೊಂದು ಗಡಿಯಾರವನ್ನು ಕೇಳಿದಂತೆ. ಎರೆ, ಮಸಾರಿ, ಸವಳು ಎಂದು ಹೊಲ ಗುರುತಿಸುವ ರೈತರನ್ನು ಕೇಳಿದರೆ ಯಾವ ಮೂಲೆಯಲ್ಲಿ ಮೊಳಕೆ ಏಳುವುದಿಲ್ಲ ಎಂದಾದರೂ ತಿಳಿದೀತು.

ನಕ್ಷೆ ತಪ್ಪಿದರೆ ನಮ್ಮ ಪಿಎಚ್‌ಡಿ ಹೋಗುವುದಿಲ್ಲ. ಅದನ್ನು ನಂಬಿ ಬಿತ್ತಿದವರ ಬೀಜ ಹೋಗುತ್ತದೆ, ಸಾಲ ಉಳಿಯುತ್ತದೆ. ಆದ್ದರಿಂದ ಇಂಥ ಪ್ರಬಂಧ ಮುಂದಿಟ್ಟವರಿಗೆ ಪರೀಕ್ಷಕರು ಮೊದಲು ಕೇಳಬೇಕಾದದ್ದು ಇಷ್ಟು: ನೀವು ‘ಯೋಗ್ಯ’ ಎಂದು ಹಸಿರು ಬಳಿದ ಹೊಲದಲ್ಲಿ ಎಕರೆಗೆ ಎಷ್ಟು ಕ್ವಿಂಟಲ್ ಬಂತು?