ಬಣ್ಣ ಬಳಿದರೆ ಬಿರುಕು ಮಾಯವಾದೀತೆ?



2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. “ಅಣೆಕಟ್ಟು ಹಳೆಯದು, ಸರಪಳಿ ಹರಿಯಿತು, ಯಾರೇನು ಮಾಡಲಾದೀತು?” ಎಂಬ ಮಾತನ್ನು ರಾಯಚೂರಿನಲ್ಲಿಯೂ ಮಾನ್ವಿಯಲ್ಲಿಯೂ ಕೇಳಿದ್ದೇನೆ. ಅದನ್ನು ನಾನು ಒಪ್ಪಲಾರೆ.

ಲೋಹವು ಸಾಮಾನ್ಯವಾಗಿ ಒಂದೇ ರಾತ್ರಿಯಲ್ಲಿ ಸೋಲುವುದಿಲ್ಲ. ತುಕ್ಕಿನಿಂದಲೋ, ಮತ್ತೆ ಮತ್ತೆ ಬೀಳುವ ಭಾರದಿಂದಲೋ, ಬೆಸುಗೆಯ ದೋಷದಿಂದಲೋ ಕೂದಲೆಳೆಯಷ್ಟು ಬಿರುಕು ಹುಟ್ಟಿ ವರ್ಷಗಟ್ಟಲೆ ಬೆಳೆಯುತ್ತದೆ. ಮೇಲೆ ಬಣ್ಣವಿದ್ದರೆ ಅದು ಕಣ್ಣಿಗೆ ಕಾಣದು, ಉಪಕರಣಕ್ಕೆ ಕಾಣುತ್ತದೆ.

ತಾಮ್ರದ ಕೊಳವೆಯೊಳಗೆ ಬಿಟ್ಟ ಅಯಸ್ಕಾಂತವು ತೇಲಿದಂತೆ ನಿಧಾನವಾಗಿ ಇಳಿಯುವುದನ್ನು ನಿಮ್ಮಲ್ಲಿ ಹಲವರು ತರಗತಿಯಲ್ಲಿ ನೋಡಿದ್ದೀರಿ. ಕೊಳವೆಯಲ್ಲಿ ಹುಟ್ಟುವ ಸುಳಿ ಪ್ರವಾಹ, ಅಂದರೆ ಎಡ್ಡಿ ಕರೆಂಟ್, ಅದನ್ನು ತಡೆಯುತ್ತದೆ. ಫ್ಯಾರಡೆ 1831ರಲ್ಲಿ ಕಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಇದರ ಮೂಲ. ಪರ್ಯಾಯ ವಿದ್ಯುತ್ ಹರಿಯುವ ಸಣ್ಣ ತಂತಿಸುರುಳಿಯನ್ನು ಲೋಹದ ಬಳಿ ತಂದರೂ ಇಂಥವೇ ಸುಳಿಗಳು ಏಳುತ್ತವೆ. ಬಿರುಕು ಅಡ್ಡ ಬಂದರೆ ಸುಳಿ ದಾರಿ ಬದಲಿಸುತ್ತದೆ. ಆ ವ್ಯತ್ಯಾಸ ಉಪಕರಣದ ಪರದೆಯ ಮೇಲೆ ಮೂಡುತ್ತದೆ. ತೆಳುವಾದ ಬಣ್ಣವನ್ನು ಕೆರೆಯಬೇಕಾಗಿಯೂ ಇಲ್ಲ. ವಿಮಾನದ ಭಾಗಗಳನ್ನು ದಶಕಗಳಿಂದ ಹೀಗೆ ಪರೀಕ್ಷಿಸುತ್ತಿದ್ದಾರೆ.

ಇದು ಸರ್ವರೋಗಕ್ಕೆ ಮದ್ದೆಂದು ನಾನು ಹೇಳುತ್ತಿಲ್ಲ. ಉಕ್ಕಿನಲ್ಲಿ ಈ ಸುಳಿಗಳು ಆಳಕ್ಕೆ ಇಳಿಯವು. ಒಳಗಿನ ದೋಷಕ್ಕೂ, ತುಕ್ಕು ತಿಂದು ಉಳಿದ ದಪ್ಪವನ್ನು ಅಳೆಯಲಿಕ್ಕೂ ಶ್ರವಣಾತೀತ ಧ್ವನಿ ಬೇಕು. ಸರಪಳಿಯ ಕೊಂಡಿಗಳಿಗೆ ಕಾಂತಪುಡಿಯ ಪರೀಕ್ಷೆಯಿದೆ. ಇಷ್ಟೆಲ್ಲ ವಿಧಾನಗಳಿರುವಾಗ “ತಿಳಿಯಲು ಸಾಧ್ಯವಿಲ್ಲ” ಎಂಬ ಸಮರ್ಥನೆ ನಿಲ್ಲದು.

ಪರೀಕ್ಷೆ ದುಬಾರಿ ಎನ್ನುವವರು ಲೆಕ್ಕ ನೋಡಲಿ. ಒಂದು ಗೇಟಿನಿಂದಾಗಿ ಹತ್ತಾರು ಟಿಎಂಸಿ ನೀರು ನದಿಗೆ ಹರಿಯಿತು. 2025ರಲ್ಲಿ 105 ಟಿಎಂಸಿಗೂ ಮಿಕ್ಕ ಸಾಮರ್ಥ್ಯದ ಜಲಾಶಯದಲ್ಲಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಬೇಕಾಯಿತು. ಇಂಥ ಕೊರತೆ ಮೊದಲು ತಟ್ಟುವುದು ಎಡದಂಡೆ ಕಾಲುವೆಯ ಕೊನೆಯಲ್ಲಿರುವ ಮಾನ್ವಿ, ರಾಯಚೂರಿನ ಭತ್ತದ ಗದ್ದೆಗಳಿಗೆ. ದೇವದುರ್ಗದವರು “ನಮ್ಮದು ಕೃಷ್ಣೆಯ ನೀರು” ಎಂದು ನಿಶ್ಚಿಂತರಾಗಬೇಡಿ. ನಾರಾಯಣಪುರ ಜಲಾಶಯದ ಗೇಟುಗಳೂ ಉಕ್ಕಿನವೇ.

“ಹೊಸ ಗೇಟು ಹಾಕಿದರೆ ಸಾಕು” ಎಂಬುದು ಇನ್ನೊಂದು ವಾದ. ಹೊಸದಕ್ಕೂ ಬೆಸುಗೆಯಿದೆ, ನಾಳೆ ತುಕ್ಕೂ ಇದೆ. ಕೂರಿಸಿದ ದಿನವೇ ಅಳತೆ ಬರೆದಿಟ್ಟರೆ ಮಾತ್ರ ಹತ್ತು ವರ್ಷದ ನಂತರ ಹೋಲಿಸಿ ನೋಡಬಹುದು.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು ಮುಂಗಾರಿನ ಮೊದಲೂ ಅನಂತರವೂ ತಪಾಸಣೆಯನ್ನು ಕಡ್ಡಾಯಗೊಳಿಸಿದೆ. ಆ ತಪಾಸಣೆ ಕಣ್ಣೋಟಕ್ಕೆ ನಿಲ್ಲದಿರಲಿ. ಯಾವ ಗೇಟನ್ನು, ಯಾವ ದಿನ, ಯಾವ ವಿಧಾನದಿಂದ ಪರೀಕ್ಷಿಸಿದರು, ಏನು ಕಂಡಿತು ಎಂಬುದನ್ನು ಕನ್ನಡದಲ್ಲಿ ಬರೆದು ಪ್ರತಿ ತಾಲ್ಲೂಕು ಕಚೇರಿಯ ಫಲಕದಲ್ಲಿ ಹಾಕಲಿ. ನೀರು ಬಳಕೆದಾರರ ಸಂಘಗಳಲ್ಲಿರುವ ನನ್ನ ವಿದ್ಯಾರ್ಥಿಗಳು ಮುಂದಿನ ಸಭೆಯಲ್ಲಿಯೇ ಇದನ್ನು ಕೇಳಬೇಕು. ಎಂಜಿನಿಯರರಾಗಿರುವವರು ಅವರ ಪಕ್ಕದಲ್ಲಿ ಕುಳಿತು ಆ ಅಂಕಿಗಳನ್ನು ಓದಿ ಹೇಳಬೇಕು.