ಎರಡು ರಾತ್ರಿಯ ನಡಿಗೆಯೂ ಪೂರ್ತಿ ನಡಿಗೆಯೇ

ಅಪಲಾಚಿಯನ್ ಟ್ರೇಲ್‌ನಲ್ಲಿ ಮೊದಲ ಸಲ ಎರಡು ಮೂರು ದಿನ ನಡೆದು ಬರಬೇಕೆಂದು ಹೊರಡುವವರಿಗೆ ಅನುಭವಿಗಳು ಕೊಡುವ ಸಲಹೆ ಹೆಚ್ಚುಕಮ್ಮಿ ಒಂದೇ ಬಗೆಯದು. ಇದನ್ನು ರಿಹರ್ಸಲ್ ಎಂದುಕೊಳ್ಳಿ, ಮುಂದೆ ಇಡೀ ಟ್ರೇಲ್ ನಡೆಯಲು ನಿಮ್ಮಿಂದಾಗುತ್ತದೋ ಇಲ್ಲವೋ ಇಲ್ಲೇ ಗೊತ್ತಾಗಿಬಿಡುತ್ತದೆ, ಆದ್ದರಿಂದ ಪೂರ್ತಿ ಭಾರ ಹೊತ್ತು, ದಿನಕ್ಕಿಷ್ಟು ಮೈಲಿ ಎಂದು ಗುರಿ ಇಟ್ಟುಕೊಂಡು ನಡೆಯಿರಿ ಎನ್ನುತ್ತಾರೆ. ಹೇಳುವವರ ಕಾಳಜಿ ನಿಜವಾದದ್ದು. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ 14 ರಾಜ್ಯಗಳನ್ನು ಹಾದುಹೋಗುವ ಈ ಹಾದಿ ಸುಮಾರು 2,200 ಮೈಲಿ ಉದ್ದವಿದೆ. ಒಂದೇ ಪಟ್ಟಿಗೆ ನಡೆದರೆ ಐದಾರು ತಿಂಗಳು ಹಿಡಿಯುತ್ತದೆ. ಕೆಲಸ ಬಿಟ್ಟು, ಮನೆ ಬಿಟ್ಟು ಅಷ್ಟು ದೊಡ್ಡದಕ್ಕೆ ಕೈಹಾಕುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ ಎನ್ನುವುದರಲ್ಲಿ ವಿವೇಕವಿದೆ.

ಆದರೂ ನಾನು ಈ ಸಲಹೆಯನ್ನು ಒಪ್ಪುವುದಿಲ್ಲ. ನ್ಯೂಜೆರ್ಸಿಯಲ್ಲಿರುವ ನಮ್ಮಂಥ ಕನ್ನಡಿಗರಿಗೆ ಇದು ದೂರದ ಚರ್ಚೆಯೂ ಅಲ್ಲ. ಟ್ರೇಲ್ ಈ ರಾಜ್ಯದ ವಾಯವ್ಯ ಅಂಚಿನಲ್ಲೇ ಎಪ್ಪತ್ತು ಮೈಲಿಗಿಂತ ಹೆಚ್ಚು ಸಾಗುತ್ತದೆ. ಎಡಿಸನ್ನಿನಿಂದಲೋ ಜೆರ್ಸಿ ಸಿಟಿಯಿಂದಲೋ ಕಾರಿನಲ್ಲಿ ಒಂದು, ಒಂದೂವರೆ ಗಂಟೆಯ ದಾರಿ. ಕುಮಾರ ಪರ್ವತ, ಕೊಡಚಾದ್ರಿ ಹತ್ತಿ ಬೆಳೆದ ಹುಡುಗ ಹುಡುಗಿಯರು ಇಲ್ಲಿಗೆ ಬಂದು ನೆಲೆಸಿದ ಮೇಲೆ ಬೆಟ್ಟದ ಆಸೆಯನ್ನು ಮರೆತಿರುವುದಿಲ್ಲ. ಅವರಲ್ಲಿ ಎಷ್ಟೋ ಮಂದಿ ಮೊದಲ ಸೆಕ್ಷನ್ನನ್ನೇ, ಅಂದರೆ ಎರಡು ಮೂರು ದಿನದ ಆ ತುಂಡು ನಡಿಗೆಯನ್ನೇ, ಪರೀಕ್ಷೆ ಎಂದುಕೊಂಡು ಹೋಗಿ, ಮಂಡಿ ಹಿಡಿದುಕೊಂಡು ಬಂದು, ಇದು ನಮಗಲ್ಲ ಎಂದು ಬ್ಯಾಗನ್ನು ಗ್ಯಾರೇಜಿಗೆ ಸೇರಿಸುವುದನ್ನು ಕಾಣುತ್ತೇನೆ. ಅದು ಆಗಬಾರದ ನಷ್ಟ.

ಮೂರು ದಿನದ ನಡಿಗೆ ಅಳೆಯುವುದು ಮೊದಲ ಮೂರು ದಿನವನ್ನು ಮಾತ್ರ. ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ ನೋಡಬೇಕು. ತಿಂಗಳುಗಟ್ಟಲೆ ನಡೆಯುವವರೇ ಹೇಳುವ ಪ್ರಕಾರ ಕಾಲು ಹಾದಿಗೆ ಒಗ್ಗಲು ಕೆಲವು ವಾರಗಳೇ ಬೇಕು. ಭುಜದ ಪಟ್ಟಿಯ ನೋವು, ಪಾದದ ಬೊಬ್ಬೆ, ಹೊಸ ಜಾಗದಲ್ಲಿ ಬಾರದ ನಿದ್ದೆ, ಇವೆಲ್ಲ ಅತಿಯಾಗಿ ಕಾಡುವುದು ಶುರುವಿನ ದಿನಗಳಲ್ಲಿ. ಹಾಗಾದರೆ ಐದು ತಿಂಗಳ ನಡಿಗೆ ಹೇಗಿರಬಹುದೆಂದು ತಿಳಿಯಲು ನಾವು ಆರಿಸಿಕೊಳ್ಳುತ್ತಿರುವುದು ಆ ಐದು ತಿಂಗಳನ್ನು ಅತ್ಯಂತ ಕಡಿಮೆ ಹೋಲುವ ದಿನಗಳನ್ನು. ಇದರ ತಿರುವುಮುರುವೂ ನಿಜ. ಒಳ್ಳೆಯ ಬಿಸಿಲಿನ ಮೂರು ದಿನ ಸಿಕ್ಕಿ, ನಡಿಗೆ ಸುಸೂತ್ರವಾಗಿ ಮುಗಿದರೆ ಅದರಿಂದ ವಾರವಿಡೀ ಸುರಿಯುವ ಮಳೆಯಲ್ಲಿ ಒದ್ದೆ ಸಾಕ್ಸ್ ಹಾಕಿಕೊಂಡು ಏಳುವ ಮನಸ್ಸು ನಮಗಿದೆ ಎಂದೇನೂ ಸಾಬೀತಾಗುವುದಿಲ್ಲ. ಫೇಲಾದವರನ್ನೂ ಪಾಸಾದವರನ್ನೂ ಒಂದೇ ಸಮನೆ ತಪ್ಪುದಾರಿಗೆಳೆಯುವ ಪರೀಕ್ಷೆಯನ್ನು ಪರೀಕ್ಷೆ ಎನ್ನುವುದು ಕಷ್ಟ.

ಅದಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಪರೀಕ್ಷೆಯ ಮನಸ್ಸು. ಪರೀಕ್ಷೆ ಎಂದುಕೊಂಡವನಿಗೆ ನಿಲ್ಲುವುದು ಸೋಲು. ನೀರು ಮುಗಿಯುತ್ತಾ ಬಂದರೂ, ಮಂಡಿ ಮಿಡಿಯುತ್ತಿದ್ದರೂ, ಬೆಳಕು ಜಾರುತ್ತಿದ್ದರೂ ಕಾಗದದ ಮೇಲೆ ಬರೆದ ಹನ್ನೆರಡು ಮೈಲಿಯನ್ನು ಮುಗಿಸಿಯೇ ತೀರಬೇಕು. ಸಂಜೆ ದಾರಿ ತಪ್ಪುವುದಕ್ಕೂ ಇಳಿಜಾರಿನಲ್ಲಿ ಕಾಲು ಉಳುಕುವುದಕ್ಕೂ ಇಂಥ ಹಟವೇ ದಾರಿ ಮಾಡಿಕೊಡುತ್ತದೆ.

ಇನ್ನು ಚರಿತ್ರೆಯ ಮಾತು. ಈ ಟ್ರೇಲ್ ಇರುವುದೇ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು, ತುಂಡು ನಡಿಗೆ ಅದರ ಬಡ ರೂಪ ಎಂಬ ಭಾವನೆ ಹಲವರಲ್ಲಿದೆ. ದಾಖಲೆ ಹೇಳುವುದು ಬೇರೆಯದನ್ನು. ಬೆಂಟನ್ ಮಕಾಯ್ 1921ರ ಅಕ್ಟೋಬರಿನಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯ ಪತ್ರಿಕೆಯಲ್ಲಿ ಈ ಹಾದಿಯ ಕಲ್ಪನೆಯನ್ನು ಮುಂದಿಟ್ಟಾಗ ಅವನ ಕಣ್ಣೆದುರಿಗಿದ್ದವರು ಪೂರ್ವ ಕರಾವಳಿಯ ನಗರಗಳಲ್ಲಿ ದುಡಿದು ದಣಿದ ಜನ. ಅವರು ತಮಗೆ ಸಿಗುವ ಅಲ್ಪ ರಜೆಯಲ್ಲಿ ತಲುಪಬಹುದಾದ ಬೆಟ್ಟಸಾಲು, ತಂಗಲು ಅಲ್ಲಲ್ಲಿ ಶಿಬಿರ: ಅವನ ಲೆಕ್ಕಾಚಾರ ಅದು. ಆ ಕಲ್ಪನೆಯನ್ನು ನ್ಯೂಯಾರ್ಕಿನ ಓದುಗರಿಗೆ ಮುಟ್ಟಿಸಿದವನು ರೇಮಂಡ್ ಟೋರಿ ಎಂಬ ಪತ್ರಿಕಾ ಅಂಕಣಕಾರ. ಅವನೂ ಅವನ ಜತೆಯ ಸ್ವಯಂಸೇವಕರೂ ಕಲ್ಲು ಸರಿಸಿ, ಪೊದೆ ಕಡಿದು ಸಿದ್ಧಪಡಿಸಿದ ಮೊದಲ ಭಾಗ 1923ರ ಅಕ್ಟೋಬರ್ 7ರಂದು ತೆರೆಯಿತು. ಅದು ನ್ಯೂಯಾರ್ಕ್ ರಾಜ್ಯದ ಹ್ಯಾರಿಮನ್ ಪಾರ್ಕಿನಲ್ಲಿ ಬೇರ್ ಮೌಂಟನ್ ಮತ್ತು ಆರ್ಡೆನ್ ನಡುವಿನ ಹಾದಿ, ಎರಡು ಮೂರು ದಿನದ ನಡಿಗೆ. ಉಳಿದದ್ದೆಲ್ಲ ಕೂಡಿ ಟ್ರೇಲ್ ಪೂರ್ಣವಾದದ್ದು 1937ರಲ್ಲಿ. ಅಂದರೆ ಹದಿನಾಲ್ಕು ವರ್ಷ ತುಂಡು ನಡಿಗೆಯ ಹೊರತು ಬೇರೆ ನಡಿಗೆಗೆ ಇಲ್ಲಿ ಜಾಗವೇ ಇರಲಿಲ್ಲ.

ಇಡೀ ಟ್ರೇಲ್ ನಡೆದ ಮೊದಲಿಗ ಮೈರನ್ ಏವರಿ. ವೃತ್ತಿಯಿಂದ ವಕೀಲ. ಅಳತೆಯ ಚಕ್ರ ತಳ್ಳಿಕೊಂಡು, ರಜೆ ಸಿಕ್ಕಾಗಲೆಲ್ಲ ಒಂದೊಂದು ಭಾಗ ನಡೆದು, ಹಾದಿಯೆಲ್ಲ ತೆರೆಯುವ ಮೊದಲೇ, 1936ರಲ್ಲಿ ಮುಗಿಸಿದ. ಒಂದೇ ಬಾರಿಗೆ ಕೊನೆ ಮುಟ್ಟಿದ ಅರ್ಲ್ ಶಾಫರ್ ಬಂದದ್ದು ಆಮೇಲೆ, 1948ರಲ್ಲಿ. ಇಂದಿಗೂ ಟ್ರೇಲ್ ನೋಡಿಕೊಳ್ಳುವ ಅಪಲಾಚಿಯನ್ ಟ್ರೇಲ್ ಕನ್ಸರ್ವೆನ್ಸಿ ಪೂರ್ತಿ ನಡೆದವರ ಹೆಸರು ದಾಖಲಿಸುವಾಗ ಯಾವ ಕ್ರಮದಲ್ಲಿ, ಯಾವ ದಿಕ್ಕಿನಲ್ಲಿ, ಎಷ್ಟು ವರ್ಷದಲ್ಲಿ ಎಂಬುದನ್ನು ಗಣಿಸುವುದಿಲ್ಲ. ಐದು ತಿಂಗಳಲ್ಲಿ ನಡೆದವರೂ ಮೂವತ್ತು ವರ್ಷದಲ್ಲಿ ನಡೆದವರೂ ಒಂದೇ ಪಟ್ಟಿಯಲ್ಲಿರುತ್ತಾರೆ.

ಹಾಗಾಗಿ ಮೊದಲ ಸೆಕ್ಷನ್ನನ್ನು ಪೂರ್ತಿ ನಡಿಗೆ ಎಂದೇ ಎಣಿಸಿ ಯೋಜಿಸಿ ಎನ್ನುತ್ತೇನೆ. ಹೀಗೆ ಎಣಿಸಿದ ಕೂಡಲೇ ಯೋಜನೆಯ ಪ್ರಶ್ನೆಗಳು ಬದಲಾಗುತ್ತವೆ. ದಿನಕ್ಕೆಷ್ಟು ಮೈಲಿ ಎಂಬುದು ಹಿಂದೆ ಸರಿದು ನೀರೆಲ್ಲಿ, ರಾತ್ರಿ ಎಲ್ಲಿ, ರಸ್ತೆ ಎಲ್ಲಿ ಎಂಬುವು ಮುಂದೆ ಬರುತ್ತವೆ. 1923ರ ಆ ಮೊದಲ ತುಂಡನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನನಗೆ ಪ್ರಿಯವಾದದ್ದೂ ಅದೇ.

ಆರ್ಡೆನ್‌ನ ಎಲ್ಕ್ ಪೆನ್ ಪಾರ್ಕಿಂಗ್‌ನಿಂದ ಹೊರಟರೆ ಬೇರ್ ಮೌಂಟನ್ ಕೆಳಗಿನ ಹಡ್ಸನ್ ನದಿಯ ಸೇತುವೆಯವರೆಗೆ ಸುಮಾರು 30 ಕಿಲೋಮೀಟರ್. ಗಟ್ಟಿಗರು ಒಂದೇ ದಿನದಲ್ಲಿ ಮುಗಿಸುತ್ತಾರೆ. ಮೊದಲ ಸಲದವರು ಎರಡು ರಾತ್ರಿ ಇಟ್ಟುಕೊಳ್ಳಲಿ. ಹಾದಿಯುದ್ದಕ್ಕೂ ಮರದ ಮೇಲೆ, ಬಂಡೆಯ ಮೇಲೆ ಎರಡಿಂಚು ಅಗಲ ಆರಿಂಚು ಉದ್ದದ ಬಿಳಿ ಪಟ್ಟಿ ಬಳಿದಿರುತ್ತದೆ. ಬಂಡೆಗಳ ನಡುವೆ ಹಾದಿ ಮಾಯವಾದಂತೆ ಕಂಡಾಗ ಮುಂದಿನ ಪಟ್ಟಿ ಕಾಣುವವರೆಗೆ ಹೆಜ್ಜೆ ಇಡಬಾರದು. ಎರಡು ಮೈಲಿಯ ಆಸುಪಾಸಿನಲ್ಲಿ, ಐಲೆಂಡ್ ಪಾಂಡ್ ದಾಟಿದ ಮೇಲೆ ಲೆಮನ್ ಸ್ಕ್ವೀಜರ್ ಎದುರಾಗುತ್ತದೆ. ಎರಡು ದೊಡ್ಡ ಬಂಡೆಗಳ ನಡುವಿನ ಓರೆ ಸೀಳು ಅದು. ಬೆನ್ನಿನ ಬ್ಯಾಗ್ ಹಿಡಿಸುವುದಿಲ್ಲ. ಬಿಚ್ಚಿ, ಒಂದು ಕೈಯಲ್ಲಿ ಮುಂದೆ ತಳ್ಳುತ್ತಾ, ಮೈಯನ್ನು ಅಡ್ಡಡ್ಡ ಮಾಡಿಕೊಂಡು ಸರಿಯಬೇಕು. ಕಲ್ಲಿನ ತಂಪು ಎದೆಗೂ ಬೆನ್ನಿಗೂ ಒಟ್ಟಿಗೇ ತಾಗುತ್ತದೆ. ಸೀಳಿನಿಂದ ಹೊರಬಿದ್ದು ಮುಂದಿನ ಬಂಡೆ ಏರಲು ಧೈರ್ಯ ಸಾಲದವರಿಗೆ ಪಕ್ಕದಲ್ಲೇ ಸುಲಭದ ದಾರಿಯ ಗುರುತೂ ಇದೆ. ಆ ಗುರುತನ್ನು ಬರೆದವರ ಮೇಲೆ ನನಗೆ ಗೌರವ. ಭಾರ ಹೊತ್ತವರು, ಮಕ್ಕಳ ಜತೆ ಬಂದವರು, ಮಳೆಯಲ್ಲಿ ಸಿಕ್ಕವರು ಆ ದಾರಿ ಹಿಡಿದರೆ ಅವರ ನಡಿಗೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಐದಾರು ಮೈಲಿಗೆ ಫಿಂಗರ್‌ಬೋರ್ಡ್ ಶೆಲ್ಟರ್. ಮೂರು ಕಡೆ ಕಲ್ಲಿನ ಗೋಡೆ, ಒಂದು ಕಡೆ ಬಯಲು. ಹ್ಯಾರಿಮನ್‌ನಲ್ಲಿ ಕಂಡಕಂಡಲ್ಲಿ ಟೆಂಟ್ ಹಾಕುವಂತಿಲ್ಲ, ಶೆಲ್ಟರ್‌ಗಳ ಹತ್ತಿರ ಮಾತ್ರ. ಮುಂಗಡ ಕಾಯ್ದಿರಿಸುವ ವ್ಯವಸ್ಥೆ ಇಲ್ಲದ್ದರಿಂದ ಒಳಗೆ ಜಾಗ ಸಿಗದಿರಬಹುದು, ಟೆಂಟ್ ಜತೆಗಿರಲೇಬೇಕು. ಇಲ್ಲಿನ ನಿಜವಾದ ಸಮಸ್ಯೆ ನೀರು. ಶೆಲ್ಟರ್ ಬೆಟ್ಟದ ಮೇಲಿದೆ, ಬೇಸಿಗೆಯ ಕೊನೆಗೆ ಸುತ್ತಲಿನ ಒರತೆಗಳನ್ನು ನಂಬುವ ಹಾಗಿಲ್ಲ, ಟಿಯೊರಾಟಿ ಕೆರೆಗೆ ಅರ್ಧ ಮೈಲಿ ಇಳಿದು ಮತ್ತೆ ಹತ್ತಬೇಕು. ನಕ್ಷೆಯಲ್ಲಿ ಐದಾರು ಮೈಲಿ ಎಂದು ಕಾಣುವ ದಿನಕ್ಕೆ ಇದೊಂದು ಮೈಲಿ ಸೇರಿತು. ಮುಂದಿನ ದಿನಕ್ಕೆ ಮೂರು ಲೀಟರ್ ತುಂಬಿಕೊಂಡರೆ ಬೆನ್ನಿಗೆ ಮೂರು ಕಿಲೋ ಏರಿತು. ಕೆರೆಯ ನೀರಾದ್ದರಿಂದ ಸೋಸದೆ ಕುಡಿಯುವಂತಿಲ್ಲ. ಮೈಲಿಯ ಲೆಕ್ಕ ಮಾತ್ರ ಬರೆದಿಟ್ಟುಕೊಂಡು ಬಂದವರು ಕಂಗೆಡುವುದು ಈ ಇಳಿಜಾರಿನಲ್ಲಿ.

ಎಷ್ಟು ಹೊತ್ತು ಬೇಕೆಂದು ಅಂದಾಜಿಸಲು ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ಕೆಲಸಕ್ಕೆ ಬರುತ್ತದೆ: ಮೂರು ಮೈಲಿಗೆ ಒಂದು ಗಂಟೆ, ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ಆದರೆ ಅದು ಚುರುಕು ಕಾಲಿನವರ ಲೆಕ್ಕ. ಕಲ್ಲು ತುಂಬಿದ ಹಾದಿ, ಹೊಸ ಕಾಲು, ಬೆನ್ನಿನ ಭಾರ ಇವಕ್ಕೆಲ್ಲ ಸೇರಿಸಿ ಬಂದ ಉತ್ತರವನ್ನು ಎರಡರಿಂದ ಗುಣಿಸಿಕೊಳ್ಳಿ. ಅಕ್ಟೋಬರ್ ನಡುವಿನಲ್ಲಿ ಎಲೆಗಳ ಬಣ್ಣ ನೋಡಲು ಹೋಗುವುದಾದರೆ ಸಂಜೆ ಆರೂಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ ಎಂಬುದನ್ನೂ ಅದೇ ಕಾಗದದಲ್ಲಿ ಬರೆದುಕೊಳ್ಳಬೇಕು.

ಎರಡನೇ ರಾತ್ರಿ ವಿಲಿಯಂ ಬ್ರೀನ್ ಶೆಲ್ಟರ್‌ನಲ್ಲಿ ತಂಗಬಹುದು, ಮತ್ತೆ ಐದು ಮೈಲಿ. ಅಲ್ಲಿಂದಾಚೆ ಬ್ಲ್ಯಾಕ್ ಮೌಂಟನ್ ಮೇಲಿಂದ, ಆಕಾಶ ತಿಳಿಯಾಗಿದ್ದರೆ, ದೂರದಲ್ಲಿ ಮ್ಯಾನ್‌ಹಟನ್ನಿನ ಕಟ್ಟಡಗಳು ಕಾಣುತ್ತವೆ. ಕೆಳಗಿಳಿದರೆ ಪ್ಯಾಲಿಸೇಡ್ಸ್ ಪಾರ್ಕ್‌ವೇ, ವೇಗದ ವಾಹನಗಳ ರಸ್ತೆ; ನ್ಯೂಯಾರ್ಕ್ ನಗರ 34 ಮೈಲಿ ಎಂಬ ಫಲಕ ಅಲ್ಲಿದೆ. ಇಡೀ ನಡಿಗೆಯಲ್ಲಿ ಅತಿ ಅಪಾಯದ ಜಾಗ ಯಾವುದು ಎಂದರೆ ನಾನು ಬಂಡೆಯನ್ನೂ ಕರಡಿಯನ್ನೂ ಹೇಳುವುದಿಲ್ಲ, ಈ ರಸ್ತೆ ದಾಟುವುದನ್ನು ಹೇಳುತ್ತೇನೆ. ದಣಿದ ಕಾಲಿನಲ್ಲಿ, ಭಾರ ಹೊತ್ತು ಇಲ್ಲಿ ಅವಸರ ಮಾಡಲೇಬಾರದು.

ಸಾಮಾನಿನ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಮೊದಲ ಸಲಕ್ಕೆ ದುಬಾರಿ ಟೆಂಟ್, ಸ್ಲೀಪಿಂಗ್ ಬ್ಯಾಗ್ ಕೊಳ್ಳಬೇಡಿ. ಗೆಳೆಯರಿಂದ ತನ್ನಿ, ಇಲ್ಲವೇ ಬಾಡಿಗೆಗೆ ಪಡೆಯಿರಿ. ಶೂ ಮಾತ್ರ ನಿಮ್ಮದೇ ಆಗಿರಲಿ, ಹಳೆಯದಾಗಿರಲಿ. ಊಟಕ್ಕೆ ನಮ್ಮ ಗೊಜ್ಜವಲಕ್ಕಿಯ ಪುಡಿಯಷ್ಟು ಒಳ್ಳೆಯದು ಈ ದೇಶದ ಅಂಗಡಿಗಳಲ್ಲಿ ಸಿಗುವುದಿಲ್ಲ: ಹಗುರ, ಕೆಡುವುದಿಲ್ಲ, ತಣ್ಣೀರು ಹಾಕಿ ಇಟ್ಟರೆ ನೆನೆದು ಸಿದ್ಧ, ಸ್ಟವ್ ಬೇಕಿಲ್ಲ. ಪ್ಯಾಕೆಟ್ಟಿನ ಬಿಸಿಬೇಳೆಬಾತು ರುಚಿಯೇನೋ ಹೌದು, ಆದರೆ ಅದರ ತೂಕದಲ್ಲಿ ಬಹುಪಾಲು ನೀರು. ತಿಂಡಿಯನ್ನೆಲ್ಲ ಕರಡಿ ಬಿಚ್ಚಲಾಗದ ಗಟ್ಟಿ ಡಬ್ಬಿಯಲ್ಲಿ ಹಾಕಿ ಮಲಗುವ ಜಾಗದಿಂದ ದೂರ ಇಡಬೇಕು. ಹ್ಯಾರಿಮನ್‌ನಲ್ಲಿ ಕರಿಕರಡಿಗಳಿವೆ. ಅವು ಒಮ್ಮೆ ಮನುಷ್ಯರ ಅನ್ನದ ರುಚಿ ಕಂಡರೆ ಕೊನೆಗೆ ಜೀವ ಕಳೆದುಕೊಳ್ಳುವುದು ಅವೇ. ಕರಡಿಗಿಂತ ಹೆಚ್ಚು ನಿಗಾ ಬೇಕಾದದ್ದು ಉಣ್ಣೆಹುಳುವಿನ ಮೇಲೆ. ಅದು ಕಚ್ಚಿ ಹರಡುವ ಲೈಮ್ ಕಾಯಿಲೆಗೆ ಹೆಸರು ಬಂದದ್ದೇ ಪಕ್ಕದ ಕನೆಟಿಕಟ್ ರಾಜ್ಯದ ಊರಿನಿಂದ. ಸಂಜೆ ಮಂಡಿಯ ಹಿಂಭಾಗ, ಸೊಂಟದ ಪಟ್ಟಿಯ ಜಾಗ, ತಲೆಗೂದಲು ತಡವಿ ನೋಡದೆ ಮಲಗಬಾರದು.

ನನ್ನ ವಾದಕ್ಕೆ ಎದುರಾಗಿ ಹೇಳಬಹುದಾದ ಒಂದು ಮಾತು ತೂಕದ್ದು. ಗುರಿ ಇಲ್ಲದೆ ನಡೆದರೆ ಮನುಷ್ಯ ತನ್ನ ಶಕ್ತಿಯನ್ನು ಎಂದೂ ಅರಿಯುವುದಿಲ್ಲ, ಕಷ್ಟ ಕಂಡಲ್ಲೆಲ್ಲ ರಸ್ತೆಗೆ ಇಳಿದುಬಿಡುತ್ತಾನೆ ಎನ್ನುತ್ತಾರೆ. ಕೆಲವರ ಮಟ್ಟಿಗೆ ಇದು ನಿಜವಿರಬಹುದು, ಮತ್ತು ಮೈ ಬಗ್ಗಿಸಿ ದುಡಿಯುವ ಸುಖವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಶಕ್ತಿ ಅರಿಯಲು ಎರಡನೆಯ ಸೆಕ್ಷನ್ ಇದೆ, ಹತ್ತನೆಯದೂ ಇದೆ. ಮೊದಲನೆಯದು ಎರಡನೆಯದಕ್ಕೆ ಆಸೆ ಹುಟ್ಟಿಸಿದರೆ ಅದರ ಕೆಲಸ ಆಯಿತು. ನೋವಿನಲ್ಲೇ ಮುಗಿದ ಇಪ್ಪತ್ತು ಮೈಲಿಗಿಂತ ಬೇಕೆನಿಸುವಾಗಲೇ ಮುಗಿದ ಹತ್ತು ಮೈಲಿ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ಅದಕ್ಕೇ ಹೊರಬರುವ ಜಾಗಗಳನ್ನು ಹೊರಡುವ ಮೊದಲೇ ಗುರುತಿಸಿ, ಅವುಗಳಿಗೂ ಯೋಜನೆಯಲ್ಲಿ ಸಮಾನ ಸ್ಥಾನ ಕೊಡಿ. ಈ ತುಂಡಿನಲ್ಲಿ ಅಂಥವು ಎರಡು ಮುಖ್ಯವಾದವು. ಎರಡನೇ ದಿನ ಬೆಳಿಗ್ಗೆ ಫಿಂಗರ್‌ಬೋರ್ಡ್ ದಾಟಿದ ಮೇಲೆ ಟಿಯೊರಾಟಿ ವೃತ್ತದ ಹತ್ತಿರದ ರಸ್ತೆ ಒಂದು. ಮೂರನೇ ದಿನ ವೆಸ್ಟ್ ಮೌಂಟನ್ ಇಳಿದು ಬೇರ್ ಮೌಂಟನ್ ಏರುವ ಮೊದಲು ಸಿಗುವ ಸೆವೆನ್ ಲೇಕ್ಸ್ ಡ್ರೈವ್ ಇನ್ನೊಂದು. ಮೂರೂ ದಿನಗಳಲ್ಲಿ ಕೊನೆಯದೇ ಉದ್ದ, ಏರಿಳಿತವೂ ಅಂದೇ ಹೆಚ್ಚು. ಬೇರ್ ಮೌಂಟನ್ ತುದಿ ಸುಮಾರು 1,300 ಅಡಿ, ಆಚೆ ಇಳಿದಾಗ ಸಿಗುವ ಮೃಗಾಲಯದೊಳಗಿನ ಹಾದಿ 124 ಅಡಿ, ಅಂದರೆ ಇಡೀ ಟ್ರೇಲ್‌ನಲ್ಲೇ ಅತಿ ತಗ್ಗು. ಕಲ್ಲಿನ ಮೆಟ್ಟಿಲುಗಳ ಮೇಲೆ ಅಷ್ಟು ಎತ್ತರ ಇಳಿಯಲು ಮಂಡಿ ಒಪ್ಪುತ್ತದೆಯೇ ಎಂಬುದನ್ನು ಸೆವೆನ್ ಲೇಕ್ಸ್ ಡ್ರೈವ್‌ನ ಪಕ್ಕ ಹತ್ತು ನಿಮಿಷ ಕುಳಿತು, ನೀರು ಕುಡಿದು, ಜತೆಗಿರುವವರನ್ನೂ ಕೇಳಿ ತೀರ್ಮಾನಿಸಬೇಕು.

ಬೆಟ್ಟಗಳ ಮಡಿಲಿನಲ್ಲಿ ಫೋನಿಗೆ ಸಿಗ್ನಲ್ ಬರುತ್ತದೆಂಬ ಭರವಸೆ ಇಲ್ಲ. ನ್ಯೂಯಾರ್ಕ್–ನ್ಯೂಜೆರ್ಸಿ ಟ್ರೇಲ್ ಕಾನ್ಫರೆನ್ಸ್‌ನವರ ಹರಿಯದ, ನೆನೆಯದ ನಕ್ಷೆಯೊಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಕಾರನ್ನು ಬೇರ್ ಮೌಂಟನ್ ಕಡೆ ನಿಲ್ಲಿಸಿ ಆರ್ಡೆನ್‌ಗೆ ಯಾರಿಂದಲಾದರೂ ಬಿಡಿಸಿಕೊಂಡರೆ ನಡೆಯುವುದು ಕಾರಿನ ಕಡೆಗೇ ಆಗುತ್ತದೆ, ವಾಪಸು ಬಸ್ಸಿನ ವೇಳೆಗೆ ಓಡುವ ತಾಪತ್ರಯ ಇರುವುದಿಲ್ಲ. ಮನೆಯಲ್ಲಿರುವವರಿಗೆ ಮೂರು ಜಾಗದ ಹೆಸರು ಬರೆದುಕೊಡಿ: ಟಿಯೊರಾಟಿ, ಸೆವೆನ್ ಲೇಕ್ಸ್ ಡ್ರೈವ್, ಬೇರ್ ಮೌಂಟನ್. ಪ್ರತಿಯೊಂದರ ಎದುರಿಗೂ ದಿನ, ಗಂಟೆ ಬರೆದು, ಇಷ್ಟು ಹೊತ್ತಿಗೆ ಸುದ್ದಿ ಬಾರದಿದ್ದರೆ ಪಾರ್ಕಿನ ಪೊಲೀಸರಿಗೆ ಫೋನ್ ಮಾಡಿ ಎಂದು ಅವರ ನಂಬರನ್ನೂ ಅದೇ ಹಾಳೆಯಲ್ಲಿ ಬರೆದಿಡಿ.