ಗಡಿ ದಾಟುವ ರೋಗಿ, ದಾಟದ ದಾಖಲೆ

ಬೆಳಗಾವಿ ಜಿಲ್ಲೆಯ ಚಿಂಚಲಿಯ ರೋಗಿ ಒಮ್ಮೆ ರೈಲು ಹತ್ತಿ ಮಹಾರಾಷ್ಟ್ರದ ಮಿರಜಕ್ಕೆ, ಮತ್ತೊಮ್ಮೆ ಬೆಳಗಾವಿಗೆ ಚಿಕಿತ್ಸೆಗೆ ಹೋದರೆ, ಆತನ ರೋಗದ ವಿವರಗಳು ಎರಡು ರಾಜ್ಯಗಳಲ್ಲಿ ಹಂಚಿಹೋಗಿ, ಜೊತೆಗೆ ಉಳಿಯುವುದು ಕೈಚೀಲದೊಳಗಿನ ಕಾಗದಗಳಷ್ಟೆ. 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, 14 ಅಂಕಿಗಳ ‘ಆಭಾ’ ಸಂಖ್ಯೆಯ ಮೂಲಕ, ರೋಗಿಯ ಒಪ್ಪಿಗೆಯೊಡನೆ ಈ ದಾಖಲೆಗಳನ್ನು ಜೋಡಿಸಲು ಹೊರಟಿದೆ. ಆದರೆ ಒಂದು ಆಸ್ಪತ್ರೆಯ ಗಣಕದಲ್ಲಿ ದಾಖಲಾದದ್ದನ್ನು ಇನ್ನೊಂದರ ಗಣಕವು ಅದೇ ಅರ್ಥದಲ್ಲಿ ಗ್ರಹಿಸುವಂತೆ ಮಾಡುವುದು ವೈದ್ಯರಿಂದಷ್ಟೇ ಅಥವಾ ಎಂಜಿನಿಯರುಗಳಿಂದಷ್ಟೇ ಆಗುವ ಕೆಲಸವಲ್ಲ.

ವೈದ್ಯಕೀಯ, ಗಣಕವಿಜ್ಞಾನ, ಸಂಖ್ಯಾಶಾಸ್ತ್ರ, ಕಾನೂನುಗಳನ್ನು ಒಟ್ಟಿಗೆ ಕಲಿಸುವ, ಅಂದರೆ ಅಂತರಶಿಸ್ತೀಯವಾದ, ಡಿಜಿಟಲ್ ಆರೋಗ್ಯದ ಸ್ನಾತಕೋತ್ತರ ಪದವಿಯ ಅಗತ್ಯ ಹುಟ್ಟುವುದು ಇಲ್ಲಿಯೇ. ನಿಮ್ಹಾನ್ಸ್ ಮತ್ತು ಬೆಂಗಳೂರಿನ ಐಐಐಟಿ ಜೊತೆಗೂಡಿ ರೂಪಿಸಿದ, ಕರ್ನಾಟಕದ ಮಾನಸಿಕ ಆರೋಗ್ಯ ಸೇವೆಗಳನ್ನು ದಾಖಲಿಸುವ ‘ಇ-ಮಾನಸ್’ ವ್ಯವಸ್ಥೆಯು, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವಿಧಿಸಿದ ಗೋಪ್ಯತೆಯನ್ನೂ ಪಾಲಿಸಬೇಕಾದ್ದರಿಂದ, ಇಂಥ ಕೂಡು-ಕಲಿಕೆಯ ಅಗತ್ಯಕ್ಕೆ ಒಳ್ಳೆಯ ನಿದರ್ಶನವಾಗಿದೆ.

1963ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯವೂ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಬೆಳಗಾವಿಯಲ್ಲೇ ಇರುವಾಗ, ಇಂತಹ ಪಠ್ಯಕ್ರಮವನ್ನು ಅವು ಕೂಡಿ ನಡೆಸುವುದು ಸಹಜವೂ ಅಪೇಕ್ಷಣೀಯವೂ ಆಗಿದೆ. ಅದರಲ್ಲಿ ವಿದ್ಯಾರ್ಥಿಗಳು ಕನಿಷ್ಠ ಕೆಲವು ತಿಂಗಳು ಗಡಿಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕಳೆಯಬೇಕು; ರೋಗಿಯ ಒಪ್ಪಿಗೆಯ ನಮೂನೆಯನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದು, ಆಶಾ ಕಾರ್ಯಕರ್ತೆಯ ಎದುರು ಓದಿ, ಅರ್ಥವಾಗದ ಮಾತುಗಳನ್ನು ತಿದ್ದುವುದೂ ಪರೀಕ್ಷೆಯ ಭಾಗವಾಗಬೇಕು.